ಬಿಸಿಲೇರಿದ ಕನ್ನಡಿಯ ಸಾಕ್ಷ್ಯ

ಭೂತಗನ್ನಡಿ ಹಿಡಿದು ಒಣ ಎಲೆ ಸುಡುವ ಆಟವನ್ನು ಬಾಲ್ಯದಲ್ಲಿ ನಾವೆಲ್ಲ ಆಡಿದ್ದೇವೆ. ಕ್ಯಾಮರಾದ ಮಸೂರವೂ ಒಂದು ಭೂತಗನ್ನಡಿಯೇ ಎಂಬುದು ಮಾತ್ರ ಗ್ರಹಣದ ದಿನ ನಮಗೆ ಮರೆತುಹೋಗುತ್ತದೆ. ಸೂರ್ಯನತ್ತ ತಿರುಗಿಸಿಟ್ಟ ಕ್ಯಾಮರಾದೊಳಗೆ ಬೆಳಕಿನ ಜೊತೆ ತಾಪವೂ ಇಳಿಯುತ್ತದೆ. ಈ ತಾಪ ಒಮ್ಮೆ ವಿಜ್ಞಾನದ ಬಹುದೊಡ್ಡ ತೀರ್ಪೊಂದನ್ನು ಅಡಿಮೇಲು ಮಾಡುವುದರಲ್ಲಿತ್ತು.

1919ರ ಮೇ 29ರ ಖಗ್ರಾಸ ಸೂರ್ಯಗ್ರಹಣದ ಸಂಗತಿಯಿದು. ಸೂರ್ಯನ ಪಕ್ಕದಲ್ಲಿ ಹಾದು ಬರುವ ನಕ್ಷತ್ರದ ಬೆಳಕು ಎಷ್ಟು ಬಾಗುತ್ತದೆ? ಐನ್‌ಸ್ಟೈನರ ಲೆಕ್ಕದಲ್ಲಿ 1.75 ಆರ್ಕ್ ಸೆಕೆಂಡ್. ನ್ಯೂಟನ್ನರ ನಿಯಮದಿಂದ ಹೊರಡುವ ಲೆಕ್ಕ ಅದರ ಅರ್ಧ, 0.87. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಸಿಗುವ ಒಂದು ಪಾಲೇ ಆರ್ಕ್ ಸೆಕೆಂಡ್. ಇಷ್ಟು ಸೂಕ್ಷ್ಮವಾದ ವ್ಯಾಜ್ಯದ ತೀರ್ಮಾನಕ್ಕೆ ಇಂಗ್ಲೆಂಡಿನಿಂದ ಎರಡು ತಂಡಗಳು ಹೊರಟವು. ಎಡಿಂಗ್ಟನ್ನರ ತಂಡ ಆಫ್ರಿಕದ ಪಶ್ಚಿಮದ ಪ್ರಿನ್ಸಿಪೆ ದ್ವೀಪಕ್ಕೆ ಹೋಯಿತು. ಕ್ರೊಮ್ಮೆಲಿನ್ ಮತ್ತು ಡೇವಿಡ್‌ಸನ್ ಉತ್ತರ ಬ್ರೆಜಿಲಿನ ಸೊಬ್ರಾಲ್ ಪಟ್ಟಣಕ್ಕೆ ಹೋದರು.

ಸೊಬ್ರಾಲಿನ ಕುದುರೆ ಪಂದ್ಯದ ಮೈದಾನದಲ್ಲಿ ಎರಡು ದೂರದರ್ಶಕ ಕ್ಯಾಮರಾಗಳನ್ನು ಅಡ್ಡಲಾಗಿ ಮಲಗಿಸಲಾಯಿತು. ಗಡಿಯಾರದಂತೆ ನಿಧಾನ ತಿರುಗುವ ಕನ್ನಡಿಗಳು ಸೂರ್ಯನ ಬೆಳಕನ್ನು ಅವುಗಳೊಳಗೆ ಕಳುಹಿಸಬೇಕು. ದೊಡ್ಡದರ ಮೇಲೆ ನೆಚ್ಚಿಕೆ ಹೆಚ್ಚು. ನಾಲ್ಕಿಂಚಿನ ಮಸೂರದ ಚಿಕ್ಕದು ಆಪತ್ತಿಗಿರಲೆಂದು ತಂದದ್ದು.

ಬೆಳಿಗ್ಗೆ ಕವಿದಿದ್ದ ಮೋಡ ಸಮಯಕ್ಕೆ ಸರಿಯಾಗಿ ಸರಿಯಿತು. ಕತ್ತಲೆಯ ಐದು ನಿಮಿಷಗಳಲ್ಲಿ ದೊಡ್ಡದರಿಂದ 19, ಚಿಕ್ಕದರಿಂದ 8 ಗಾಜಿನ ಫಲಕಗಳು ತೆಗೆಯಲ್ಪಟ್ಟವು. ಬಿಸಿಯಾದ ದ್ರಾವಣದಲ್ಲಿ ಫಲಕದ ಲೇಪ ಮೆತ್ತಗಾಗಿ ಚಿತ್ರ ಎಳೆದಾಡಿದಂತಾಗುವ ಭಯವಿತ್ತು. ಅದಕ್ಕಾಗಿ ರಾತ್ರಿಯ ತಂಪಿನಲ್ಲಿ ಫಲಕಗಳನ್ನು ತೊಳೆದರು, ಲೇಪ ಗಟ್ಟಿಯಾಗಲು ಫಾರ್ಮಾಲಿನ್ ಬಳಸಿದರು.

ಇಷ್ಟೆಲ್ಲ ಜೋಪಾನ ಮಾಡಿದರೂ ತಾಪ ಬೇರೆ ಬಾಗಿಲಿನಿಂದ ಒಳಗೆ ಬಂದಿತ್ತು. ದೊಡ್ಡ ಕ್ಯಾಮರಾದ ಫಲಕಗಳಲ್ಲಿ ನಕ್ಷತ್ರಗಳು ಮಸುಕಾಗಿ ಹರಡಿಕೊಂಡಿದ್ದವು. ಬಿಸಿಲಿಗೆ ಕನ್ನಡಿಯ ಗಾಜು ಒಂದೇ ಸಮನಾಗಿ ಹಿಗ್ಗದೆ ಫೋಕಸ್ ತಪ್ಪಿದೆ, ಈ ಫಲಕಗಳಿಂದ ಹೆಚ್ಚೇನೂ ಸಿಗಲಾರದು ಎಂದು ಅವರು ಮರುದಿನವೇ ಬರೆದಿಟ್ಟರು. ಹೋಲಿಕೆಗೆಂದು ಜುಲೈ ತಿಂಗಳ ರಾತ್ರಿಗಳಲ್ಲಿ ಅದೇ ನಕ್ಷತ್ರಗಳ ಚಿತ್ರ ತೆಗೆದಾಗ ಅವು ಸ್ಪಷ್ಟವಾಗಿ ಮೂಡಿದವು.

ಅಳತೆ ಮಾಡಿದಾಗ ಮಸುಕು ಫಲಕಗಳು 0.93 ಎಂದವು, ಅಂದರೆ ಹೆಚ್ಚುಕಡಿಮೆ ನ್ಯೂಟನ್ನರ ಪಕ್ಷ. ಚಿಕ್ಕದರ ಏಳು ಒಳ್ಳೆಯ ಫಲಕಗಳು 1.98 ಎಂದವು. ಪ್ರಿನ್ಸಿಪೆಯ ಉತ್ತರ 1.61. ಖಗೋಳಜ್ಞ ಡೈಸನ್ ಮಸುಕು ಸಾಕ್ಷಿಯನ್ನು ಬದಿಗಿಟ್ಟರು. 1919ರ ನವೆಂಬರ್ 6ರಂದು ಲಂಡನ್ನಿನಲ್ಲಿ ಐನ್‌ಸ್ಟೈನರ ಪರವಾಗಿ ತೀರ್ಪು ಹೊರಬಿತ್ತು.

ಬೇಡವಾದ ಸಾಕ್ಷಿಯನ್ನು ಬೇಕೆಂದೇ ಬಿಟ್ಟರೇ? ಮುಂದೆ ಕೆಲವು ವಿದ್ವಾಂಸರು ಈ ತಕರಾರು ಎತ್ತಿದ್ದುಂಟು. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಕನ್ನಡಿಯ ದೋಷವನ್ನು ಬರೆದಿಟ್ಟಾಗ ಆ ಫಲಕಗಳು ಯಾರ ಪರ ಎಂಬುದು ಬರೆದವರಿಗೇ ಗೊತ್ತಿರಲಿಲ್ಲ. 1979ರಲ್ಲಿ ಅದೇ ಫಲಕಗಳನ್ನು ಗ್ರೀನಿಚ್ ವೀಕ್ಷಣಾಲಯದವರು ಹೊಸ ಯಂತ್ರದಿಂದ ಅಳೆದರು. ಮಸುಕು ಫಲಕಗಳಿಂದ ಬಂದ ಉತ್ತರ 1.55, ಆಚೀಚೆ 0.34.

ಇಂದು ಗ್ರಹಣ ಚಿತ್ರಿಸುವವರು ಮಸೂರದ ಮುಂದೆ ಸೌರ ಫಿಲ್ಟರ್ ಹಾಕುತ್ತಾರೆ, ಪೂರ್ಣ ಕತ್ತಲೆಯ ಹೊತ್ತಿಗೆ ಮಾತ್ರ ತೆಗೆಯುತ್ತಾರೆ. ಕಾಯುವ ವೇಳೆಯಲ್ಲಿ ಕ್ಯಾಮರಾಕ್ಕೆ ಬಿಳಿ ಬಟ್ಟೆ ಹೊದಿಸುತ್ತಾರೆ, ಕೊಡೆ ಹಿಡಿಯುತ್ತಾರೆ. ಯಂತ್ರಕ್ಕೆ ಇಷ್ಟು ನೆರಳು ಸಾಕು. ಆದರೂ ತಾಪ ತಗುಲಿದರೆ, ಫಲಿತಾಂಶ ತಿಳಿಯುವ ಮೊದಲೇ ತಗುಲಿದೆ ಎಂದು ಬರೆದಿಡುವ ಪ್ರಾಮಾಣಿಕತೆ ಬೇಕು. ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.