ಡಾ. ಒಬೈದ್ ಸಿದ್ದಿಕಿ: ಕೊಲಾಬದಿಂದ ಬೆಂಗಳೂರಿಗೆ

ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಎಂದೊಡನೆ ಮುಂಬಯಿಯಲ್ಲಿ ನೆಲೆಸಿದ ನಮ್ಮವರಿಗೆ ನೆನಪಾಗುವುದು ಕೊಲಾಬದ ಕಡಲಂಚು, ಹೋಮಿ ಭಾಭಾ ಮತ್ತು ಪರಮಾಣು ವಿಜ್ಞಾನ. ಬೆಂಗಳೂರಿನ ಹೆಬ್ಬಾಳದಾಚೆ, ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವೂ ಇದೇ ಸಂಸ್ಥೆಯ ಅಂಗವೆಂಬುದು ಅನೇಕರಿಗೆ ತಿಳಿಯದು. ಆ ವಿದ್ಯೆಯ ಸಸಿಯನ್ನು ಮುಂಬಯಿಯಲ್ಲಿ ನೆಟ್ಟು, ಬಳಿಕ ಕನ್ನಡ ನೆಲದಲ್ಲೂ ಬೇರೂರಿಸಿದವರು ಡಾ. ಒಬೈದ್ ಸಿದ್ದಿಕಿ.

ಸಿದ್ದಿಕಿಯವರು ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ. ಅಲಿಗಢದಲ್ಲಿ ಓದು ಮುಗಿಸಿ ಗ್ಲಾಸ್ಗೋ ನಗರಕ್ಕೆ ಹೋಗಿ, ಹೆಸರಾಂತ ತಳಿವಿಜ್ಞಾನಿ ಗೈಡೊ ಪಾಂಟೆಕಾರ್ವೊ ಅವರ ಬಳಿ ಒಂದು ಬಗೆಯ ಬೂಷ್ಟಿನ ಜೀನುಗಳ ಮೇಲೆ ಸಂಶೋಧನೆ ನಡೆಸಿದರು. ಅನಂತರ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಅಲನ್ ಗ್ಯಾರೆನ್ ಅವರೊಡನೆ ಕೆಲಸ ಮಾಡಿದರು.

ಅಲ್ಲಿ ಅವರಿಗೆ ಹೆಸರು ತಂದ ಶೋಧವನ್ನು ಹೀಗೆ ವಿವರಿಸಬಹುದು. ಜೀನು ಒಂದು ವಾಕ್ಯವಿದ್ದಂತೆ. ಜೀವಕೋಶ ಅದನ್ನು ಓದಿ ಪ್ರೋಟೀನು ಕಟ್ಟುತ್ತದೆ. ವಾಕ್ಯದ ನಡುವೆ ತಪ್ಪಿ ಪೂರ್ಣವಿರಾಮ ಬಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ, ಪ್ರೋಟೀನು ಅರ್ಧಕ್ಕೇ ಉಳಿಯುತ್ತದೆ. ಇಂಥ ದೋಷವಿದ್ದರೂ ಕೆಲವು ಬ್ಯಾಕ್ಟೀರಿಯ ತಳಿಗಳು ಅದನ್ನು ದಾಟಿ ಓದಬಲ್ಲವು ಎಂದು 1962ರಲ್ಲಿ ಗ್ಯಾರೆನ್ ಮತ್ತು ಸಿದ್ದಿಕಿ ತೋರಿಸಿದರು. ಜೀವಲಿಪಿಯ 64 ಸಂಕೇತಗಳಲ್ಲಿ ಮೂರು ಪೂರ್ಣವಿರಾಮಗಳೆಂದು ವಿಜ್ಞಾನ ಅರಿತುಕೊಳ್ಳಲು ಈ ಕೆಲಸವೂ ದಾರಿ ಮಾಡಿಕೊಟ್ಟಿತು.

ವಿದೇಶದಲ್ಲಿ ಹೀಗೆ ಹೆಸರು ಬರತೊಡಗಿದ ಹೊತ್ತಿನಲ್ಲಿಯೇ ಅವರು ಭಾರತಕ್ಕೆ ಮರಳಿದರು. ಭೌತವಿಜ್ಞಾನದಿಂದ ಜೀವವಿಜ್ಞಾನಕ್ಕೆ ಹೊರಳಿದ್ದ ಲಿಯೊ ಸಿಲಾರ್ಡ್ ಅವರು ಈ ತರುಣನ ವಿಷಯವನ್ನು ಭಾಭಾ ಅವರಿಗೆ ತಿಳಿಸಿದರು. ಭಾಭಾ ಕರೆದರು. 1962ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಸಿದ್ದಿಕಿಯವರು ಟಾಟಾ ಸಂಸ್ಥೆಯಲ್ಲಿ ಅಣ್ವಿಕ ಜೀವವಿಜ್ಞಾನದ ವಿಭಾಗವನ್ನು ಆರಂಭಿಸಿದರು. ಭೌತವಿಜ್ಞಾನಿಗಳ ಮನೆಯಲ್ಲಿ ಜೀವವಿಜ್ಞಾನಕ್ಕೊಂದು ಕೋಣೆ ದೊರೆತಂತಾಯಿತು.

ಒಂದು ವಿಷಯದಲ್ಲಿ ಹೆಸರು ಗಳಿಸಿದವರು ಸಾಮಾನ್ಯವಾಗಿ ಅದನ್ನು ಬಿಡುವುದಿಲ್ಲ. ಸಿದ್ದಿಕಿಯವರಾದರೋ ನಲವತ್ತರ ಹೊಸ್ತಿಲಲ್ಲಿ ಬ್ಯಾಕ್ಟೀರಿಯ ಬಿಟ್ಟು, ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣವನ್ನು ಹಿಡಿದರು. ಕ್ಯಾಲಿಫೋರ್ನಿಯದಲ್ಲಿ ಸೀಮೋರ್ ಬೆಂಜರ್ ಅವರೊಡನೆ ವಿಚಿತ್ರ ತಳಿಯ ನೊಣಗಳನ್ನು ಪರೀಕ್ಷಿಸಿದರು. ಬಿಸಿ ಏರಿದರೆ ಇವು ಪಾರ್ಶ್ವವಾಯು ಹೊಡೆದಂತೆ ಬೀಳುತ್ತವೆ, ತಣಿಸಿದರೆ ಮತ್ತೆ ಏಳುತ್ತವೆ. ನರಗಳಲ್ಲಿ ಸಂದೇಶ ಹರಿಯುವ ಬಗೆಯನ್ನು ಜೀನುಗಳ ಮೂಲಕ ಅರಿಯಲು ಇದರಿಂದ ಹಾದಿ ತೆರೆಯಿತು. 1976ರಲ್ಲಿ ಈ ಕೆಲಸ ಪ್ರಕಟವಾಯಿತು.

ಮುಂದಿನ ಹೆಜ್ಜೆ ಮುಂಬಯಿಯದೇ. ಕೀನ್ಯಾದಲ್ಲಿ ಹುಟ್ಟಿ ಡಬ್ಲಿನ್ನಿನಲ್ಲಿ ಓದಿದ ವೆರೊನಿಕಾ ರಾಡ್ರಿಗ್ಸ್ ಎಂಬ ಯುವತಿ ಸಿದ್ದಿಕಿಯವರ ಕೆಲಸಕ್ಕೆ ಮನಸೋತು, ಅವರ ಶಿಷ್ಯೆಯಾಗಲು ಕೊಲಾಬಕ್ಕೆ ಬಂದರು. ಸಿಹಿಗೆ ಓಡಿಬರುವ, ಕ್ವಿನೈನಿನ ಕಹಿಗೆ ಹಿಂಜರಿಯುವ ನೊಣಗಳ ನಡುವೆ ರುಚಿಯನ್ನೇ ಅರಿಯದ, ವಾಸನೆಯನ್ನೇ ಗುರುತಿಸದ ನೊಣಗಳನ್ನು ಗುರುಶಿಷ್ಯರು ಹುಡುಕಿ ಬೇರ್ಪಡಿಸಿದರು. ರುಚಿ ಮತ್ತು ವಾಸನೆಗಳ ಅರಿವಿನ ಹಿಂದೆ ಜೀನುಗಳಿವೆಯೆಂದು ತೋರಿಸಿದ ಆ ಲೇಖನ 1978ರಲ್ಲಿ ಪ್ರಕಟವಾದದ್ದು ಯಾವ ವಿದೇಶಿ ಪತ್ರಿಕೆಯಲ್ಲೂ ಅಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ. ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ ಇಲಿಗಳಲ್ಲಿ ವಾಸನೆಯ ಗ್ರಾಹಕಗಳ ಜೀನುಗಳನ್ನು ಕಂಡುಹಿಡಿದದ್ದು ಅದಾದ 13 ವರ್ಷಗಳ ಮೇಲೆ, 1991ರಲ್ಲಿ. 2004ರಲ್ಲಿ ಅವರಿಗೆ ನೊಬೆಲ್ ಬಂತು. ಎರಡೂ ಒಂದೇ ಶೋಧವಲ್ಲ, ನಿಜ. ಆದರೆ ವಾಸನೆಯ ಗುಟ್ಟನ್ನು ಜೀನುಗಳಲ್ಲಿ ಅರಸಬೇಕೆಂಬ ಹಾದಿಯನ್ನು ಮೊದಲು ತುಳಿದವರಲ್ಲಿ ಈ ಗುರುಶಿಷ್ಯರಿದ್ದರು.

1980ರ ದಶಕದಲ್ಲಿ ಜೀವವಿಜ್ಞಾನಕ್ಕೆಂದೇ ಪ್ರತ್ಯೇಕ ಕೇಂದ್ರವೊಂದರ ಯೋಜನೆ ರೂಪುಗೊಂಡಿತು. 1990ರ ದಶಕದ ಆರಂಭದಲ್ಲಿ ಅದು ಬೆಂಗಳೂರಿನಲ್ಲಿ ಕಾರ್ಯಾರಂಭ ಮಾಡಿತು. ಮೊದಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಆಮೇಲೆ ಸ್ವಂತ ಕಟ್ಟಡದಲ್ಲಿ. ಸಿದ್ದಿಕಿಯವರೇ ಸ್ಥಾಪಕ ನಿರ್ದೇಶಕರು. ರಾಡ್ರಿಗ್ಸ್ ಕೂಡ ಅಲ್ಲಿಗೆ ಬಂದರು. ಮುಂಬಯಿಯ ವಿಭಾಗದಲ್ಲಿ ಸಂಶೋಧನೆ ಮಾಡಿದ ಕೆ. ವಿಜಯರಾಘವನ್ ಮುಂದೆ ಈ ಕೇಂದ್ರವನ್ನು ನಡೆಸಿ, 2018ರಲ್ಲಿ ಭಾರತ ಸರಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾದರು. ಅಧಿಕಾರ ಬಿಟ್ಟ ಮೇಲೂ ಸಿದ್ದಿಕಿಯವರು ಪ್ರಯೋಗಶಾಲೆ ಬಿಡಲಿಲ್ಲ. 2006ರಲ್ಲಿ ಪದ್ಮವಿಭೂಷಣ ಬಂತು. 2013ರ ಜುಲೈ 26ರಂದು, ರಸ್ತೆ ಅಪಘಾತದ ಗಾಯಗಳಿಂದ, ಬೆಂಗಳೂರಿನಲ್ಲೇ ತೀರಿಕೊಂಡರು.

ಮಕ್ಕಳು ವಿದೇಶಕ್ಕೆ ಹೋದರೆಂದು ಹೆಮ್ಮೆಪಡುವುದು ನಮ್ಮ ಮನೆಗಳಲ್ಲಿ ಸಹಜ, ತಪ್ಪೇನೂ ಅಲ್ಲ. ಹೋಗಿ ಕಲಿತು ಬಂದವನೊಬ್ಬ ಏನು ಮಾಡಬಲ್ಲನೆಂಬುದಕ್ಕೆ ಈ ಬಾಳು ಸಾಕ್ಷಿ. ಬಸ್ತಿಯವರಿಗೆ ಮುಂಬಯಿಯೂ ಪರವೂರು, ಬೆಂಗಳೂರೂ ಪರವೂರು. ಆದರೂ ಎರಡು ಊರುಗಳಲ್ಲೂ ಅವರು ಕಟ್ಟಿದ್ದು ಇಂದಿಗೂ ನಿಂತಿದೆ. ಊರು ಬಿಟ್ಟು ಬಂದು ಬದುಕು ಕಟ್ಟಿಕೊಂಡ ನಮಗೆ ಅದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.