ಒಂದು ಪರದೆ, ಐದು ಮೌಸ್

ಸರ್ಕಾರಿ ಶಾಲೆಯ ಕಂಪ್ಯೂಟರ್ ಕೋಣೆ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಒಂದು ಪರದೆ, ಸುತ್ತ ಐದಾರು ಮಕ್ಕಳು, ಕೆಲವೊಮ್ಮೆ ಹತ್ತು. ಮೌಸ್ ಮಾತ್ರ ಒಬ್ಬನ ಕೈಯಲ್ಲಿ. ಉಳಿದವರು ಅವನ ಹೆಗಲ ಮೇಲಿಂದ ಇಣುಕುತ್ತ ‘ಅಲ್ಲಿ ಒತ್ತೋ, ಇಲ್ಲಿ ಒತ್ತೋ’ ಎನ್ನುತ್ತಿರುತ್ತಾರೆ.

ಈ ನೂಕುನುಗ್ಗಲು ಹಳೆಯದು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆ ಶುರುಮಾಡಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಯಂತ್ರ ಕೊಡಲು ಹೊರಟಾಗಲೂ ಯಂತ್ರ ಕಡಿಮೆ, ಮಕ್ಕಳು ಹೆಚ್ಚು. ಎರಡು ದಶಕ ಕಳೆದ ಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ಟೊಯಾಮ ಮುಂತಾದವರು ಹಳ್ಳಿಶಾಲೆಗಳಲ್ಲಿ ಕಂಡದ್ದೂ ಇದನ್ನೇ. ಮೌಸ್ ಹಿಡಿದವನೇ ಯಜಮಾನ.

ಅವರು ಹುಡುಕಿದ ದಾರಿ ಸರಳ: ಕಂಪ್ಯೂಟರ್ ಒಂದೇ ಇರಲಿ, ಮೌಸ್ ಐದಾಗಲಿ. ಸಾಮಾನ್ಯ ಕಂಪ್ಯೂಟರಿಗೆ ಐದು ಮೌಸ್ ಸಿಕ್ಕಿಸಿದರೆ ಐದೂ ಒಂದೇ ಬಾಣವನ್ನು ಎಳೆದಾಡುತ್ತವೆ. ಅದಕ್ಕಾಗಿ ಪ್ರತಿ ಮೌಸಿಗೂ ಬೇರೆ ಬಾಣ ತೋರಿಸುವ ತಂತ್ರಾಂಶ ಬರೆದರು. ಒಂದೇ ಪರದೆಗೆ ಎರಡು ಮೌಸ್ ಕೊಡುವ ಪ್ರಯೋಗ ತೊಂಬತ್ತರ ದಶಕದಲ್ಲೇ ಕೆನಡಾದಲ್ಲಿ ನಡೆದಿತ್ತು, ನಿಜ. ಆದರೆ ಬಡತನದ ಲೆಕ್ಕಾಚಾರ ಅದಕ್ಕೆ ಇಲ್ಲಿ ಬೇರೆಯೇ ಅರ್ಥ ಕೊಟ್ಟಿತು.

ಆಗ ಎದುರು ವಾದವೂ ಜೋರಾಗಿತ್ತು. ಎಂಐಟಿಯ ನಿಕೊಲಾಸ್ ನೆಗ್ರೊಪಾಂಟೆ ಮಗುವಿಗೊಂದು ಅಗ್ಗದ ಲ್ಯಾಪ್‌ಟಾಪ್ ಬೇಕೆಂದು ಹೇಳುತ್ತಿದ್ದರು. 2006ರಲ್ಲಿ ಭಾರತ ಸರ್ಕಾರ ಅದನ್ನು ಬೇಡವೆಂದಿತು. ಆದರೂ ಮರುವರ್ಷ ಮುಂಬಯಿ-ಪುಣೆ ರೈಲುಹಾದಿಯ ಕರ್ಜತ್ ಸಮೀಪದ ಖೈರಾಟ್ ಎಂಬ ಪುಟ್ಟ ಊರಿನ ಶಾಲೆಯಲ್ಲಿ ಮಗುವಿಗೊಂದರಂತೆ ಹಂಚಿ ನೋಡಿದರು.

ಬೆಂಗಳೂರಿನ ತಂಡ ಅದೇ ವರ್ಷ, 2007ರಲ್ಲಿ, ತನ್ನ ಫಲಿತಾಂಶ ಪ್ರಕಟಿಸಿತು. ಗ್ರಾಮೀಣ ಬಡ ಕುಟುಂಬಗಳ 238 ಮಕ್ಕಳು. ಇಂಗ್ಲಿಷ್ ಪದಗಳನ್ನು ನೆನಪಿಡುವ ಆಟ. ಐವರು ಐದು ಮೌಸ್ ಹಿಡಿದು ಕೂತಾಗ ಒಟ್ಟಾರೆ ಕಲಿತ ಪದಗಳು, ಒಬ್ಬರೇ ಒಂದು ಕಂಪ್ಯೂಟರ್ ಬಳಸಿ ಕಲಿತಷ್ಟೇ ಇದ್ದವು. ಪದ ಕಲಿಯುವುದೇ ಇಡೀ ಓದಲ್ಲ. ಆದರೂ ಐದು ಯಂತ್ರದ ಕೆಲಸ ಒಂದರಲ್ಲಿ ಆಯಿತೆಂಬುದು ಸಣ್ಣ ಮಾತಲ್ಲ.

ಕುತೂಹಲದ ಸಂಗತಿ ಇನ್ನೊಂದಿತ್ತು. ಆಟವನ್ನು ಎರಡು ಬಗೆಯಲ್ಲಿ ಮಾಡಿದ್ದರು. ಒಂದರಲ್ಲಿ ಯಾರು ಮೊದಲು ಸರಿಯುತ್ತರ ಒತ್ತಿದರೂ ಮುಂದಿನ ಪ್ರಶ್ನೆ ಬರುತ್ತಿತ್ತು. ಇನ್ನೊಂದರಲ್ಲಿ ಐವರೂ ಸರಿಯುತ್ತರ ಒತ್ತುವವರೆಗೆ ಪರದೆ ಕದಲುತ್ತಿರಲಿಲ್ಲ. ಪೈಪೋಟಿಯ ಆಟದಲ್ಲಿ ಹುಡುಗರು ಯೋಚಿಸದೆ ಟಕಟಕ ಒತ್ತಿ ಹಿಂದೆ ಬಿದ್ದರು. ಎಲ್ಲರೂ ಒಪ್ಪಬೇಕಾದ ಆಟದಲ್ಲಿ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡಲೇಬೇಕಿತ್ತು. ಹುಡುಗಿಯರು ಮಾತ್ರ ಯಾವ ಏರ್ಪಾಟಿನಲ್ಲಿ ಕೂರಿಸಿದರೂ ಹೆಚ್ಚುಕಡಿಮೆ ಒಂದೇ ಸಮ ಕಲಿತರು.

ಮೈಕ್ರೋಸಾಫ್ಟ್ ಈ ತಂತ್ರಾಂಶವನ್ನು ‘ಮಲ್ಟಿಪಾಯಿಂಟ್’ ಹೆಸರಲ್ಲಿ ಹೊರತಂದಿತು. ಟೊಯಾಮ ಆಮೇಲೆ ಅಮೆರಿಕಕ್ಕೆ ಮರಳಿ, 2015ರಲ್ಲಿ ಬರೆದ ಪುಸ್ತಕದಲ್ಲಿ ತಮ್ಮ ಮೊದಲಿನ ಉತ್ಸಾಹವನ್ನೇ ಪ್ರಶ್ನಿಸಿದರು: ಯಂತ್ರ ಶಾಲೆಯಲ್ಲಿ ಇರುವುದನ್ನೇ ಹಿಗ್ಗಿಸುತ್ತದೆ, ಇಲ್ಲದ್ದನ್ನು ತಂದುಕೊಡದು.