ಬೀಜದ ಮಡಕೆ

ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ತಂದುಕೊಟ್ಟದ್ದು ಶೇಂಗಾ. ಅದು ನಮ್ಮ ರೈತರ ಕೈಗೆ ಕಾಸು ಕೊಟ್ಟಿತು. ನವಣೆ, ಸಾಮೆ, ಕೊರಲೆಗಳನ್ನು ಹೊಲದಂಚಿಗೆ ತಳ್ಳಿತು.

ಎಕರೆಗೆ ನವಣೆ ಬೀಜ 3–4 ಕೆ.ಜಿ. ಸಾಕು. ಹೆಂಗಸರು ಒಳ್ಳೆಯ ತೆನೆ ಆರಿಸಿ, ಬೂದಿ ಬೆರೆಸಿ ಮಡಕೆಯಲ್ಲಿ ಕಾಯುತ್ತಿದ್ದರು. ಶೇಂಗಾಕ್ಕೆ 40–50 ಕೆ.ಜಿ. ಬೇಕು. ಮಳೆ ಕೈಕೊಟ್ಟರೆ ಮುಂದಿನ ಬಿತ್ತನೆಗೆ ಸಾಲವೇ ಗತಿ.

1990ರ ದಶಕದಲ್ಲಿ ವನಜಾ ರಾಮಪ್ರಸಾದರ ಗ್ರೀನ್ ಫೌಂಡೇಶನ್ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಸಮುದಾಯ ಬೀಜ ಬ್ಯಾಂಕ್‌ಗಳನ್ನು ಕಟ್ಟಿತು. ಬೀಜ ಒಯ್ದವರು ಸುಗ್ಗಿಯಲ್ಲಿ ಹೆಚ್ಚಿಸಿ ಹಿಂದಿರುಗಿಸುವುದೇ ಅಲ್ಲಿಯ ಬಡ್ಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೂ ಬೀಜ ಉಳಿಸಿ ಹಂಚಿಕೊಳ್ಳುವ ರೈತರ ಹಕ್ಕನ್ನು ಮನ್ನಿಸಿದೆ.

ಸುವರ್ಣ ಮಹೋತ್ಸವದ ನೆನಪಿಗೆ ದೊಡ್ಡಉಳ್ಳಾರ್ತಿಯ ನಮ್ಮ ಶಾಲೆಯಲ್ಲೂ ಅಂಥ ಮಡಕೆಗಳು ಕೂರಲಿ. ಊರಿನ ಅಜ್ಜಿಯರು ಇರುವಾಗಲೇ ಮಕ್ಕಳು ಬೀಜ ಆರಿಸುವುದನ್ನು ಕಲಿಯಲಿ.